ನನ್ನ ಬೆರಳಿಗೆ ಬಂದ ನೀಲಿ

ಸವಿತಮ್ಮ, ನೀವು ಆರಿಸಿದ್ದು ಸರಿಯಾಗಿತ್ತು. ಸುಳ್ಳು ಇದ್ದದ್ದು ನನ್ನ ಬಾಯಲ್ಲಿ — ಎಲೆ, ಅಡಿಕೆ, ಸುಣ್ಣದ ಜೊತೆಯಲ್ಲಿ. ನೀವು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಿರಿ. ನಾನು ‘ಇಲ್ಲ’ ಅಂದೆ. ಆ ಒಂದು ಮಾತಿಗೆ ನಿಮ್ಮ ವರ್ಷಗಟ್ಟಲೆ ಕೆಲಸ ಕಸಕ್ಕೆ ಹೋಯಿತು. ಯಾಕೆ ಹೋಯಿತು ಅಂತ ನಿಮಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆವತ್ತೇ ಗೊತ್ತಿತ್ತು.

ಇದನ್ನು ಬೇರೆಯವರೂ ಓದಬಹುದು, ಹಾಗಾಗಿ ಮೊದಲಿಂದ ಹೇಳುತ್ತೇನೆ. ನಿಮಗೆ ತಿಳಿದಿರುವುದನ್ನೇ ಮತ್ತೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದೆಲ್ಲ ನನ್ನ ಕಣ್ಣಿಗೆ ಹೇಗೆ ಕಂಡಿತ್ತು ಅನ್ನುವುದು ನಿಮಗೂ ಗೊತ್ತಿರಲಿಕ್ಕಿಲ್ಲ.

ನನ್ನ ಊರು ರಾವಂದೂರಿನ ಹತ್ತಿರ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡಿಸಿದರು ಅಂತ ಹೇಳುವುದಿಲ್ಲ, ನಾನೇ ಬಿಟ್ಟೆ — ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುವುದು ಮಗ್ಗಿ ಹೇಳುವುದಕ್ಕಿಂತ ದೊಡ್ಡ ಕೆಲಸ ಅಂತ ನನಗೆ ಆಗ ಕಂಡಿತ್ತು. ನನ್ನ ಕೈಯಲ್ಲಿ ಬೆಂದ ಸೊಪ್ಪು ಕಪ್ಪಾಯಿತು ಅಂತ ಒಬ್ಬನೂ ಹೇಳಲಿಲ್ಲ. ಆಮೇಲೆ ಅಣ್ಣತಮ್ಮಂದಿರು ಪಾಲಾದೆವು. ಬ್ಯಾರನ್ನು ಅಣ್ಣನಿಗೆ ಹೋಯಿತು, ನನಗೆ ರಾಗಿ ಹೊಲ ಮತ್ತು ಒಂದು ಹಸು ಬಂತು. ‘ಇನ್ನು ಹೊಗೆಸೊಪ್ಪು ಮುಟ್ಟೋದಿಲ್ಲ’ ಅಂತ ಅಣ್ಣನ ಮುಂದೆ ಜಂಬದಲ್ಲಿ ಹೇಳಿ ಹುಣಸೂರಿಗೆ ಬಂದೆ. ಊರಾಚೆ, ಮೈಸೂರು ರಸ್ತೆಯಲ್ಲಿ, ಗಿಡಗಳ ರೋಗ ಸಂಶೋಧನೆ ಮಾಡುವ ಒಂದು ಸಣ್ಣ ಲ್ಯಾಬು ಆಗತಾನೆ ಶುರುವಾಗಿತ್ತು. ಅಲ್ಲಿ ಅಟೆಂಡರ್ ಆಗಿ ಸೇರಿದೆ. ಗಾಜು ತೊಳೆಯುವುದು, ಹುಳ ಬರದ ಹಾಗೆ ಬಲೆ ಕಟ್ಟಿದ ಬಲೆಮನೆಯಲ್ಲಿ ಸಸಿ ಬೆಳೆಸುವುದು, ಎಲೆ ಅರೆಯುವುದು — ಇಷ್ಟು ನನ್ನ ಕೆಲಸ. ಹೊಸ ಶತಮಾನ ಬಂದು ಒಂದೆರಡು ವರ್ಷ ಆಗಿರಬೇಕು, ನೀವು ಬಂದಿರಿ. ಭೇರ್ಯದ ಕಡೆಯ ಬೇಸಾಯಗಾರರ ಮನೆಯ ಹುಡುಗಿ, ಹುಣಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಎಚ್.ಡಿ. ಮಾಡುವವರು. ನಿಮ್ಮ ಮೇಲೆ, ನನ್ನ ಮೇಲೆ, ಎಲ್ಲರ ಮೇಲೆ ದೊಡ್ಡ ಮೇಡಂ.

ಕೆಲಸಕ್ಕೆ ಸೇರಿದ ದಿನವೇ ದೊಡ್ಡ ಮೇಡಂ ನನ್ನನ್ನು ಕೇಳಿದ್ದರು. “ಬೀಡಿ, ಸಿಗರೇಟು, ಹೊಗೆಸೊಪ್ಪು — ಯಾವುದಾದ್ರೂ ಅಭ್ಯಾಸ ಇದೆಯೇನಪ್ಪ?”

“ಯಾವ್ದೂ ಇಲ್ಲ ಮೇಡಂ. ಊಟ ಆದ್ಮೇಲೆ ಎಲೆಅಡಿಕೆ ಹಾಕ್ತೀನಿ, ಅಷ್ಟೆ.”

“ಎಲೆಅಡಿಕೆ ಪರವಾಗಿಲ್ಲ,” ಅಂದರು.

ಆ ಹೊತ್ತಿನಲ್ಲಿ ನನ್ನ ಜೇಬಿನಲ್ಲಿ ಕಡ್ಡಿಪುಡಿಯ ಪೊಟ್ಟಣ ಇತ್ತು. ಆಣೆ ಇಟ್ಟು ಹೇಳುತ್ತೇನೆ, ಆವತ್ತು ನಾನು ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ. ನಮ್ಮ ಕಡೆ ಹೊಗೆಸೊಪ್ಪು ಅಂದರೆ ಹೊಲದಲ್ಲಿ ನಿಂತಿರುವುದು, ಬ್ಯಾರನ್ನಿನಲ್ಲಿ ತೂಗುವುದು, ನಮ್ಮಪ್ಪ ದವಡೆಗೆ ಇಟ್ಟುಕೊಳ್ಳುತ್ತಿದ್ದದ್ದು. ಕಡ್ಡಿಪುಡಿ ಅಂದರೆ ಎಲೆಅಡಿಕೆಯ ಮೇಲೆ ಉದುರಿಸಿಕೊಳ್ಳುವ ಒಂದು ಚಿಟಿಕೆ — ಸಾರಿಗೆ ಇಂಗು ಹಾಕಿದ ಹಾಗೆ. ಇಂಗು ತಿನ್ನುತ್ತೀಯಾ ಅಂತ ಯಾರಾದರೂ ಕೇಳುತ್ತಾರೆಯೇ?

ಬಲೆಮನೆಯ ಬಾಗಿಲಲ್ಲಿ ಒಂದು ಬೋಗುಣಿ ಇಟ್ಟಿದ್ದರು. ಅದರಲ್ಲಿ ಹಾಲಿನ ಪುಡಿ ಕಲಸಿದ ನೀರು. ಹೊಗೆಸೊಪ್ಪಿನ ಎಲೆಯನ್ನು ತೇಪೆ ತೇಪೆ ಮಾಡುವ ಮೊಸಾಯಿಕ್ ರೋಗ ಇದೆಯಲ್ಲ, ಅದರ ನಂಜು, ಅಂದರೆ ವೈರಸ್ಸು, ಒಣಗಿದ ಸೊಪ್ಪಿನಲ್ಲೂ ಉಳಿದಿದ್ದು ಮನುಷ್ಯರ ಕೈಯಿಂದ ಗಿಡಕ್ಕೆ ಹತ್ತುತ್ತದೆ. ಹಾಲಿನಲ್ಲಿ ಕೈ ಅದ್ದಿದರೆ ನಂಜು ಸುಮ್ಮನಾಗುತ್ತದೆ. ಅದಕ್ಕೆ ಒಳಗೆ ಹೋಗುವ ಮುಂಚೆ ಎಲ್ಲರೂ ಕೈ ಅದ್ದಬೇಕು. ನನಗೆ ಅದು ಆಗಿಬರಲಿಲ್ಲ. ಹಾಲಿನಲ್ಲಿ ಕೈ ತೊಳೆಯುವುದೇ? ನಮ್ಮ ಮನೆಯಲ್ಲಿ ಹಾಲು ನೆಲಕ್ಕೆ ಚೆಲ್ಲಿದರೆ ಅವ್ವ ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಯಾರಾದರೂ ನೋಡುತ್ತಿದ್ದರೆ ಬೋಗುಣಿಯ ಮೇಲೆ ಕೈ ಆಡಿಸುತ್ತಿದ್ದೆ. ಯಾರೂ ಇಲ್ಲದಿದ್ದರೆ ಪಕ್ಕದ ನಲ್ಲಿಯಲ್ಲಿ ಸೋಪು ಹಾಕಿ ತೊಳೆದುಕೊಂಡು ಹೋಗುತ್ತಿದ್ದೆ. ನಾನು ತೊಳೆದರೆ ತೊಳೆದ ಹಾಗೆ — ಹಾಗಂತ ನಂಬಿದ್ದೆ.

ನೀವು ನನಗೆ ಮೊದಲು ತೋರಿಸಿದ್ದು ಒಂದು ಟ್ಯೂಬು. ಕಿರುಬೆರಳಿನ ಗಾತ್ರ. ತಳದಲ್ಲಿ ಒಂದು ಹನಿ ನೀರು.

“ಸಣ್ಣಪ್ಪಣ್ಣ, ಇದ್ರೊಳಗೆ ಎಷ್ಟು ಜನ ಅವ್ರೆ, ಹೇಳಿ ನೋಡವ.”

“ಜನ್ವಾ? ಒಂದ್ ಸೊಳ್ಳೆ ಮರೀನೂ ಕಾಣಾಕಿಲ್ವಲ್ಲ ಕಣಮ್ಮ.”

“ನಮ್ ದೇಶದ ಜನ ಎಲ್ಲಾ ಸೇರಿದ್ರೆ ಎಷ್ಟೋ ಅಷ್ಟು. ಒಬ್ರಂಗೆ ಇನ್ನೊಬ್ರಿಲ್ಲ.”

ತಮಾಷೆ ಮಾಡುತ್ತಿದ್ದೀರಿ ಅಂದುಕೊಂಡೆ. ಆಮೇಲೆ ನೀವು ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದಿರಿ. ಬ್ಯಾಕ್ಟೀರಿಯಾದ ಒಳಗೆ ಬೆಳೆಯುವ, ಕಣ್ಣಿಗೆ ಕಾಣದ ಕಡ್ಡಿಯಂಥ ಜೀವಿಗಳು ಅವು — ಫೇಜು ಅನ್ನುತ್ತಿದ್ದಿರಿ. ಪ್ರತಿಯೊಂದು ಕಡ್ಡಿಯ ತುದಿಯಲ್ಲೂ ಹನ್ನೆರಡು ಮಣಿ ಪೋಣಿಸಿದ ಒಂದು ಸಣ್ಣ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಯಾವ ಮಣಿ ಆದಮೇಲೆ ಯಾವ ಮಣಿ ಅನ್ನುವುದರಲ್ಲೇ ಎಲ್ಲ ಇರುವುದು. ಆ ಸರದ ಹೆಸರು ಪೆಪ್ಟೈಡು. ಒಂದೊಂದು ಸರಕ್ಕೂ ಒಂದೊಂದು ಆಕಾರ, ಒಂದೊಂದು ಗುಣ. ಇಷ್ಟು ಕೋಟಿ ಸರಗಳಲ್ಲಿ ಯಾವುದೋ ಒಂದು, ಮೊಸಾಯಿಕ್ ನಂಜು ಮೈಮೇಲೆ ಹಾಕಿಕೊಂಡಿರುವ ಪ್ರೋಟೀನಿನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಸಿಕ್ಕರೆ, ಸಸಿಮಡಿಯಲ್ಲಿ ರೋಗ ಎಲೆಯ ಮೇಲೆ ಬರುವ ಮುಂಚೆಯೇ ಪತ್ತೆ ಮಾಡಬಹುದು. ಪಿರಿಯಾಪಟ್ಟಣದ, ಹುಣಸೂರಿನ ಯಾವ ರೈತನೂ ರೋಗದ ಸಸಿಯನ್ನು ಗೊತ್ತಿಲ್ಲದೆ ಹೊಲಕ್ಕೆ ಇಡುವುದಿಲ್ಲ.

“ಅದ್ಯಾವ್ದು ಅಂತ ಹೆಂಗೆ ಹುಡುಕ್ತೀರಿ?” ಅಂದೆ.

“ಹುಡುಕೋದಿಲ್ಲ. ತೊಳೀತೀವಿ.”

ಸವಿತಮ್ಮ, ಆ ಮಾತು ನನಗೆ ಹೊಸದು. ಅಲ್ಲಿಯವರೆಗೆ ತೊಳೆಯುವುದು ಅಂದರೆ ಕೊನೆಯ ಕೆಲಸ, ಎಲ್ಲರ ಕೆಲಸ ಮುಗಿದ ಮೇಲಿನ ಕೆಲಸ ಅಂದುಕೊಂಡಿದ್ದೆ.

ಅಳಗುಳಿ ಮಣೆಯಂಥ ಪ್ಲಾಸ್ಟಿಕ್ಕಿನ ಹಲಗೆ, ಅದರ ತುಂಬ ಪುಟ್ಟ ಪುಟ್ಟ ಗುಳಿ. ಗುಳಿಯ ತಳಕ್ಕೆ ನಂಜಿನ ಅಂಗಿ ಅಂಟಿಸುತ್ತಿದ್ದಿರಿ. ಅಂಗಿ ಕೂರದ ಖಾಲಿ ಜಾಗಕ್ಕೆ ಹಾಲು — ಅಲ್ಲೂ ಹಾಲು. ಬೇಡದವರು ಬಂದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳಬಾರದಲ್ಲ, ಅದಕ್ಕೆ. ಆಮೇಲೆ ಆ ದೇಶದಷ್ಟು ಜನರನ್ನು ಮೇಲೆ ಸುರಿದು ಕಾಯುವುದು. ಆಮೇಲೆ ತೊಳೆಯುವುದು. ಮೊದಲ ಸಲ ನೀವೇ ತೊಳೆದಿರಿ. ಎರಡನೇ ಸುತ್ತಿಗೆ ಪಿಪೆಟ್ಟು ನನ್ನ ಕೈಗೆ ಕೊಟ್ಟಿರಿ. “ನಿಮ್ ಕೈ ನಡುಗಾಕಿಲ್ಲ ಸಣ್ಣಪ್ಪಣ್ಣ, ನನ್ಗಿಂತ ನೀವೇ ವಾಸಿ,” ಅಂದಿರಿ. ಆ ಮಾತನ್ನು ನಾನು ಊರಿಗೆ ಹೋಗಿ ಎಷ್ಟು ಜನರಿಗೆ ಹೇಳಿದೆನೋ.

ತೊಳೆದು ತೊಳೆದು ಕೋಟಿಗಟ್ಟಲೆ ಹರಿದುಹೋಗುತ್ತಿತ್ತು. ಉಳಿದವರನ್ನು ಬಿಡಿಸಿಕೊಳ್ಳಲು ಗುಳಿಗೆ ಹುಳಿ ನೀರು ಹಾಕುತ್ತಿದ್ದಿರಿ. ಹುಳಿ ಬಿದ್ದ ತಕ್ಷಣ ಹಿಡಿದದ್ದು ಬಿಟ್ಟುಬಿಡುತ್ತದೆ ಅಂದಿರಿ. ನಾನು ನಕ್ಕೆ. ಹೊಗೆಸೊಪ್ಪು ಮುರಿದ ದಿನ ಅಂಗೈ ಕರೀ ಅಂಟು ಕಟ್ಟಿ, ಎಷ್ಟು ಸೋಪು ಹಾಕಿದರೂ ಹೋಗದೆ, ಕೊನೆಗೆ ಹುಳಿಟೊಮೆಟೊ ಉಜ್ಜಿದರೆ ಮಾತ್ರ ಬಿಡುತ್ತಿತ್ತು. ಒಂದೇ ನೇಮ — ಬ್ಯಾರನ್ನಿನಲ್ಲೂ ಅದೇ, ಕಣ್ಣಿಗೆ ಕಾಣದ ಈ ಲೋಕದಲ್ಲೂ ಅದೇ. ಬಿಡಿಸಿಕೊಂಡವರನ್ನು ಬ್ಯಾಕ್ಟೀರಿಯಾಗೆ ಉಣ್ಣಲು ಬಿಟ್ಟು ಮರಿ ಮಾಡಿಸಿ ಮತ್ತೆ ಸುರಿಯುವುದು. ಮತ್ತೆ ತೊಳೆಯುವುದು, ಮೊದಲಿಗಿಂತ ಖಾರವಾಗಿ. ಪ್ರತಿ ಸುತ್ತಿಗೂ ಜಿಗುಟರು ಮಾತ್ರ ಉಳಿಯುತ್ತಾ ಬಂದರು.

ಕೊನೆಗೆ ಉಳಿದವರಲ್ಲಿ ಕೆಲವರನ್ನು ಬೇರೆ ಮಾಡಿ, ಅವರ ಸರದ ಮಣಿಗಳನ್ನು ಓದಿಸಲು ಬೆಂಗಳೂರಿಗೆ ಕಳಿಸಿದಿರಿ. ಉತ್ತರ ಬಂದ ದಿನ ನೆನಪಿದೆಯೇ? ನೀವು ಕಂಪ್ಯೂಟರಿನ ಮುಂದೆ ನಿಂತೇ ಇದ್ದಿರಿ, ಕೂರಲೇ ಇಲ್ಲ. ಒಂದೊಂದು ಮಣಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಮೊದಲ ಸಾಲು ಓದಿದಿರಿ. ಎರಡನೆಯದು — ಅದೇ. ಮೂರನೆಯದು — ಅದೇ. ಅಷ್ಟು ಕೋಟಿಯಲ್ಲಿ ಬೇರೆ ಬೇರೆ ಕಡೆಯಿಂದ ಎತ್ತಿದವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಸರ ಹಾಕಿಕೊಂಡು ಬಂದಿದ್ದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾವೂ ಆರಿಸಿರಲಿಲ್ಲ. ತೊಳೆದಿದ್ದೆವು, ಅಷ್ಟೆ.

“ಸಣ್ಣಪ್ಪಣ್ಣ, ಬನ್ನಿ ಇಲ್ಲಿ. ನೀವೂ ಓದಿ,” ಅಂದಿರಿ. ನನಗೆ ಇಂಗ್ಲಿಷ್ ಅಕ್ಷರ ಬಿಡಿಬಿಡಿಯಾಗಿ ಬರುತ್ತಿತ್ತು. ಕನ್ನಡಕ ಏರಿಸಿ ಹನ್ನೆರಡನ್ನೂ ಓದಿದೆ. ದೇವರ ಗರ್ಭಗುಡಿಯ ಹೊಸಿಲಲ್ಲಿ ನಿಂತ ಹಾಗಿತ್ತು. ಆ ಅಕ್ಷರಗಳು ಈಗಲೂ ನನಗೆ ಬಾಯಿಪಾಠ, ಆದರೆ ಇಲ್ಲಿ ಬರೆಯುವುದಿಲ್ಲ. ಅವು ನಿಮ್ಮವು.

ಆಮೇಲಿನದು —

ಆಮೇಲಿನದನ್ನು ಬರೆಯಲು ಕೂತರೆ ಕೈ ಹಿಂದಕ್ಕೆ ಹೋಗುತ್ತದೆ. ಆದರೂ ಬರೆಯುತ್ತೇನೆ.

ಪರೀಕ್ಷೆ ಸುಲಭದ್ದೇ. ಎಲೆ ಅರೆದ ರಸವನ್ನು ಗುಳಿಗೆ ಹಾಕಬೇಕು, ಅದರ ಮೇಲೆ ನಮ್ಮ ಸರ ಹೊತ್ತ ಕಡ್ಡಿ. ರಸದಲ್ಲಿ ನಂಜು ಇದ್ದರೆ ಕಡ್ಡಿ ಹಿಡಿದುಕೊಳ್ಳುತ್ತದೆ, ಕೊನೆಗೆ ಬಣ್ಣದ ನೀರು ಹಾಕಿದಾಗ ಗುಳಿ ನೀಲಿಯಾಗುತ್ತದೆ. ನಂಜು ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ. ರೋಗದ ಗಿಡದ ಎಲೆ ಒಂದು ಸಾಲಿಗೆ, ಆರೋಗ್ಯದ ಗಿಡದ ಎಲೆ ಇನ್ನೊಂದು ಸಾಲಿಗೆ. ಆರೋಗ್ಯದ ಗಿಡ ಬೆಳೆಸುವವನು ನಾನು. ಬೀಜ ಹಾಕುವವನು, ಸಸಿ ಕೀಳುವವನು, ಕುಂಡಕ್ಕೆ ಇಟ್ಟು ಬೆರಳಿಂದ ಮಣ್ಣು ಒತ್ತುವವನು, ಎಲೆ ಚಿವುಟಿ ಅರೆಯುವವನು — ಎಲ್ಲ ನಾನೇ.

ರೋಗದ ಸಾಲು ನೀಲಿಯಾಯಿತು. ನೀವು ಕೈ ತಟ್ಟಿದಿರಿ. ನೋಡುತ್ತಾ ನೋಡುತ್ತಾ ಆರೋಗ್ಯದ ಸಾಲೂ ನೀಲಿಗೆ ತಿರುಗಿತು. ಸ್ವಲ್ಪ ತೆಳು, ಆದರೂ ನೀಲಿ.

ಮತ್ತೆ ಮಾಡಿದಿರಿ. ಮತ್ತೆ ನೀಲಿ. ಬೇರೆ ಕಡೆಯಿಂದ ಹೊಸ ಸಸಿ ತರಿಸಿದಿರಿ. ಅವುಗಳನ್ನೂ ಕುಂಡಕ್ಕಿಟ್ಟವನು ನಾನೇ. ಕೆಲವು ದಿನ ಬಿಟ್ಟು ಅರೆದೆವು. ನೀಲಿ. ರೋಗ ಮುಖಕ್ಕೆ ಬರುವ ಮುಂಚೆ ಹಿಡಿಯುವುದೇ ನಮ್ಮ ಗುರಿಯಾಗಿದ್ದರಿಂದ ಎಳೆಯ ಸಸಿಯಲ್ಲೇ ಎಲ್ಲ ಎಲೆಯನ್ನೂ ಕಿತ್ತು ಅರೆಯುತ್ತಿದ್ದೆವು. ಆ ಗಿಡ ಬೆಳೆದಿದ್ದರೆ ತೇಪೆ ಬರುತ್ತಿತ್ತೋ ಇಲ್ಲವೋ ಅಂತ ನೋಡಲು ಗಿಡವೇ ಉಳಿಯುತ್ತಿರಲಿಲ್ಲ.

ಒಂದು ಶನಿವಾರ ದೊಡ್ಡ ಮೇಡಂ ನಿಮ್ಮನ್ನು ಕರೆದು ಕೂರಿಸಿಕೊಂಡರು. ನಾನು ಪಕ್ಕದ ಸಿಂಕಿನಲ್ಲಿ ಬೀಕರು ತೊಳೆಯುತ್ತಿದ್ದೆ.

“ಸವಿತಾ, ನಿನ್ನ ಪೆಪ್ಟೈಡು ಸಿಕ್ಕಿದ್ದಕ್ಕೆಲ್ಲ ಅಂಟ್ತಾ ಇದೆ. ಆರಿಸುವಾಗ ತೊಳೆದದ್ದು ಸಾಲದು ಅನ್ಸುತ್ತೆ. ತೊಳೆದೋರು ಯಾರು?”

ನಲ್ಲಿ ನಿಲ್ಲಿಸಿದೆ. ನನ್ನ ಹೆಸರು ಬರುತ್ತದೆ ಅಂತ ಕಾದೆ.

“ತೊಳೆದಿದ್ರಲ್ಲಿ ತಪ್ಪಿಲ್ಲ ಮೇಡಂ. ಸಣ್ಣಪ್ಪಣ್ಣ ನನ್ನ ಎದುರಿಗೇ ತೊಳೆದ್ರು. ಅವ್ರ ಕೈಯಲ್ಲಿ ಒಂದು ಹನಿ ಹೆಚ್ಚುಕಡಿಮೆ ಆಗೋದಿಲ್ಲ. ತಪ್ಪಿದ್ರೆ ನಂದು.” ಆಮೇಲೆ ಅಂದಿರಿ, “ಇಲ್ಲಾಂದ್ರೆ, ನಮ್ಮ ಆರೋಗ್ಯದ ಗಿಡಕ್ಕೇ ನಂಜು ಹತ್ತಿರಬೇಕು.”

“ಯಾರಿಂದ? ಇಲ್ಲಿ ಯಾರಿಗೂ ಹೊಗೆಸೊಪ್ಪಿನ ಅಭ್ಯಾಸ ಇಲ್ಲ. ಸೋಮವಾರ ಬಾ, ತೀರ್ಮಾನ ಮಾಡೋಣ. ನಿನ್ನ ಅವಧೀನೂ ಮುಗೀತಾ ಬಂತು.”

ನನಗೆ ಸಿಟ್ಟು ಬಂದಿತ್ತು. ನಾನು ಬೆಳೆಸಿದ ಗಿಡಕ್ಕೆ ರೋಗವೇ? ಸಂಜೆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ನನ್ನ ಹೆಂಡತಿ ಕೆಂಪಮ್ಮನ ಮುಂದೆ ಎಲ್ಲ ಹೇಳಿದೆ. “ಯಾರೋ ಒಣ ಹೊಗೆಸೊಪ್ಪು ಮುಟ್ಟಿದ್ ಕೈಲಿ ಗಿಡ ಮುಟ್ಟವ್ರೆ ಅಂತ ಅನುಮಾನ ಪಡ್ತಾವ್ರೆ ಕಣೆ. ನಾನಂತೂ ಒಣಗಿದ್ ಸೊಪ್ಪು ಮುಟ್ಟಿ ಎಷ್ಟ್ ವರ್ಸ ಆಯ್ತು.”

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಿ ನನ್ನ ಅಂಗೈ ನೋಡಿದಳು.

“ಮತ್ತೆ ಅಂಗೈಲಿರಾದೇನು? ಕಡ್ಲೆಪುಡಿಯಾ?”

“ಕಡ್ಡಿಪುಡಿ ಕಣೆ.”

“ಯಾವುದ್ರ ಕಡ್ಡಿ? ತೊಗರಿ ಕಡ್ಡಿಯಾ?”

ಅವಳು ನಕ್ಕಳು. ನಾನೂ ನಗಲು ಹೋದೆ. ಯಾವುದರ ಕಡ್ಡಿ. ಹುಟ್ಟಿದಾಗಿನಿಂದ ಆ ಹೆಸರು ಹೇಳಿದ್ದೇನೆ, ಅಂಗಡಿಯಲ್ಲಿ ಕೇಳಿ ತಂದಿದ್ದೇನೆ, ಯಾವುದರ ಕಡ್ಡಿ ಅಂತ ಒಮ್ಮೆಯೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ. ಹೊಗೆಸೊಪ್ಪಿನ ದಂಟು ಕುಟ್ಟಿ ಮಾಡುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದದ್ದು ಒಂದು ಕಡೆ, ಹೇಳಿದ್ದು ಒಂದು ಕಡೆ ಇಟ್ಟುಕೊಂಡು ಅಷ್ಟು ವರ್ಷ ಬದುಕಿದ್ದೆ.

ಭಾನುವಾರ ಗಿಡಕ್ಕೆ ನೀರು ಹಾಕಲು ಹೇಗೂ ಹೋಗುತ್ತಿದ್ದೆ. ಆವತ್ತು ಲ್ಯಾಬಿನ ಬೀಗವನ್ನೂ ತೆಗೆದೆ. ನೀವು ಮಾಡುವುದನ್ನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆನಲ್ಲ, ಫ್ರಿಡ್ಜಿನಲ್ಲಿ ಉಳಿದಿದ್ದದ್ದನ್ನೆಲ್ಲ ಸಾಲಾಗಿ ಇಟ್ಟುಕೊಂಡೆ. ಮೂರೇ ಗುಳಿ ಸಾಕು ಅನ್ನಿಸಿತು. ಒಂದಕ್ಕೆ ಬರೀ ನೀರು. ಆಮೇಲೆ ಯಾವತ್ತಿನ ಹಾಗೆ ಅಂಗೈಗೆ ಕಡ್ಡಿಪುಡಿ ಹಾಕಿ ತಿಕ್ಕಿ ಬಾಯಿಗೆ ಹಾಕಿಕೊಂಡೆ, ಯಾವತ್ತಿನ ಹಾಗೆ ಸೋಪಿನಲ್ಲಿ ಕೈ ತೊಳೆದೆ — ಚೆನ್ನಾಗಿಯೇ ತೊಳೆದೆ — ಬೆರಳ ತುದಿಯನ್ನು ಒಂದು ಹನಿ ನೀರಿಗೆ ಅದ್ದಿ ಉಜ್ಜಿದೆ. ಅದು ಎರಡನೇ ಗುಳಿಗೆ. ಮೂರನೆಯದಕ್ಕೆ ಹಾಲಿನ ಬೋಗುಣಿಯಲ್ಲಿ ಮೊದಲ ಸಲ ನಿಜವಾಗಿ ಕೈ ಅದ್ದಿ, ಆ ಬೆರಳಿನ ನೀರು. ಅದ್ದುವಾಗ ಅವ್ವನ ನೆನಪಾಯಿತು.

ಕಾದೆ. ತೊಳೆದೆ. ಮತ್ತೆ ಕಾದೆ, ಮತ್ತೆ ತೊಳೆದೆ. ಮಧ್ಯಾಹ್ನ ಹೊರಳಿತ್ತು. ರಸ್ತೆಯಲ್ಲಿ ಬಸ್ಸುಗಳ ಸದ್ದು. ಬಣ್ಣದ ನೀರು ಹಾಕಿ ಕೈ ಕಟ್ಟಿ ನಿಂತೆ.

ಮೊದಲ ಗುಳಿ ನೀರಾಗಿಯೇ ಇತ್ತು. ಮೂರನೆಯದೂ ಹಾಗೇ ಇತ್ತು. ನಡುವಿನದು — ತಳದಿಂದ ಒಂದು ಉಸಿರು ಎದ್ದ ಹಾಗೆ ನೀಲಿ ಬಂತು. ಮೊದಲು ಅನುಮಾನದಷ್ಟು. ಆಮೇಲೆ ಅನುಮಾನವೇ ಇಲ್ಲದಷ್ಟು.

ಸವಿತಮ್ಮ, ಇದನ್ನು ಬರೆದರೆ ನೀವು ಏನಂದುಕೊಳ್ಳುತ್ತೀರೋ ಗೊತ್ತಿಲ್ಲ, ಆದರೆ ನಿಜ ಹೇಳುತ್ತೇನೆ. ಮೊದಲು ಬಂದದ್ದು ಹೆದರಿಕೆ ಅಲ್ಲ, ನಾಚಿಕೆಯೂ ಅಲ್ಲ. ಕೈ ಮುಗಿಯಬೇಕು ಅನ್ನಿಸಿತು. ಒಂದು ದೇಶದಷ್ಟು ಜನರ ನಡುವಿಂದ ನಾವು ತೊಳೆದು ಉಳಿಸಿಕೊಂಡಿದ್ದೆವಲ್ಲ, ಅದು — ಹನ್ನೆರಡು ಮಣಿಯ ಸರ, ಕಣ್ಣಿಲ್ಲ, ಕಿವಿಯಿಲ್ಲ — ನನ್ನ ಬೆರಳಿನ ಗೆರೆಗಳ ಒಳಗೆ ಸೋಪಿಗೂ ಸಿಗದೆ ಕೂತಿದ್ದ ನಂಜನ್ನು ಹಿಡಿದುಕೊಂಡಿತ್ತು. ನನ್ನ ಹೆಂಡತಿ ನಕ್ಕು ಹೇಳಿದ್ದನ್ನು ಅದು ನೀಲಿಯಲ್ಲಿ ಹೇಳಿತು. ಅದಕ್ಕೆ ಕಡ್ಡಿಪುಡಿ ಬೇರೆ, ಹೊಗೆಸೊಪ್ಪು ಬೇರೆ ಅನ್ನುವ ಮಾತಿಲ್ಲ. ಅದಕ್ಕೆ ನಾನು ಯಾರು, ಎಷ್ಟು ಚೆನ್ನಾಗಿ ತೊಳೆಯುತ್ತೇನೆ ಅನ್ನುವ ಹಂಗಿಲ್ಲ. ಇದ್ದರೆ ಇದೆ ಅನ್ನುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಇಷ್ಟು ದಿನ ಅದು ಸತ್ಯವನ್ನೇ ಹೇಳುತ್ತಾ ಬಂದಿತ್ತು, ನಾವು ಅದನ್ನೇ ಸುಳ್ಳುಬುರುಕ ಅಂತ ಕರೆದಿದ್ದೆವು. ನಾವು ಅಂದರೆ ನೀವೆಲ್ಲ. ನನಗೆ ಈಗ ಗೊತ್ತಾಗಿತ್ತು.

ಆ ಹಲಗೆಯನ್ನು ಹಾಗೇ ಇಟ್ಟಿದ್ದರೆ ಸಾಕಿತ್ತು. ನಾನು ಏನೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ನೀವು ನೋಡಿದ್ದರೆ ನೀವೇ ಕೇಳುತ್ತಿದ್ದಿರಿ.

ತೊಳೆದುಬಿಟ್ಟೆ.

ನಲ್ಲಿ ಬಿಟ್ಟು, ಬ್ರಷ್ಷು ಹಾಕಿ, ಆಮೇಲೆ ಬ್ಲೀಚಿನಲ್ಲಿ ಮುಳುಗಿಸಿ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಏನನ್ನೂ ತೊಳೆದಿರಲಿಲ್ಲ.

ಸೋಮವಾರ ದೊಡ್ಡ ಮೇಡಂ ನಿಮ್ಮನ್ನೂ ನನ್ನನ್ನೂ ನಿಲ್ಲಿಸಿಕೊಂಡು ಕೇಳಿದರು. “ನೋಡಪ್ಪ, ಕೊನೇ ಸಲ ಕೇಳ್ತೀನಿ. ಗಿಡ ಮುಟ್ಟೋನು ನೀನು. ಹೊಗೆಸೊಪ್ಪು ಏನಾದರೂ?”

“ಇಲ್ಲ ಮೇಡಂ.”

ಅಷ್ಟಕ್ಕೇ ಮುಗಿದಿದ್ದರೆ ನಾನು ಮತ್ತೆ ಆ ಎರಡು ಹೆಸರುಗಳ ನಡುವೆ ನುಸುಳಿಕೊಂಡುಬಿಡುತ್ತಿದ್ದೆ. ಆದರೆ ನೀವು ಭೇರ್ಯದವರು. ನಮ್ಮ ಜನ ಯಾವುದಕ್ಕೆ ಏನು ಅನ್ನುತ್ತಾರೆ ಅಂತ ಬಲ್ಲವರು. ನನ್ನ ಕಡೆ ತಿರುಗಿದಿರಿ. ಅನುಮಾನದಿಂದ ಅಲ್ಲ — ಕೇಳುವುದಕ್ಕೇ ಸಂಕೋಚ ಪಟ್ಟುಕೊಂಡು, ಮೆಲ್ಲಗೆ:

“ಸಣ್ಣಪ್ಪಣ್ಣ, ಕಡ್ಡಿಪುಡೀನೂ ಇಲ್ಲ ತಾನೆ?”

ನಾನು ನಿಮ್ಮ ಕಣ್ಣು ನೋಡಿಯೇ ಹೇಳಿದೆ. “ಇಲ್ಲ ಕಣಮ್ಮ.”

ನೀವು ತಲೆ ಆಡಿಸಿದಿರಿ. ನಂಬಿದಿರಿ. ಮೇಡಂ ಕಡೆ ತಿರುಗಿ ಅಂದಿರಿ: “ಹಂಗಾದ್ರೆ ನನ್ನ ಪೆಪ್ಟೈಡೇ ಸರಿ ಇಲ್ಲ ಮೇಡಂ. ಬಿಟ್ಬಿಡೋಣ.”

ಕೆಲಸ ಹೋಗುತ್ತದೆ ಅಂತ ನಾನು ಹೆದರಿರಲಿಲ್ಲ. ದೊಡ್ಡ ಮೇಡಂ ಬೈದು ಸುಮ್ಮನಾಗುತ್ತಿದ್ದರು, ಅದು ನನಗೂ ಗೊತ್ತಿತ್ತು. ನನ್ನ ಕೈ ಕೊಳಕು ಅನ್ನುವುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ನನ್ನ ಕೈಯನ್ನು ಹೊಗಳಿದವರು ನೀವು. ಆ ಹೊಗಳಿಕೆಯನ್ನು ಉಳಿಸಿಕೊಳ್ಳಲು ನಿಮ್ಮನ್ನೇ ಕೊಟ್ಟುಬಿಟ್ಟೆ. ಇದಕ್ಕಿಂತ ಬೇರೆ ಕಾರಣ ಹುಡುಕಿದ್ದೇನೆ. ಇಲ್ಲ.

ನೀವು ಬೇರೆ ಏನೋ ಶುರು ಮಾಡಿದಿರಿ. ಅವಧಿ ಸಾಲಲಿಲ್ಲ. ಪಿಎಚ್.ಡಿ. ಮುಗಿಯದೆ ಊರಿಗೆ ಹೋದಿರಿ. ಹೋಗುವ ದಿನ ಫ್ರೀಜರ್ ಖಾಲಿ ಮಾಡಿ ಆ ಟ್ಯೂಬುಗಳನ್ನು ನನ್ನ ಕೈಗೆ ಕೊಟ್ಟು “ಬಿಸಾಕ್ಬುಡಿ ಸಣ್ಣಪ್ಪಣ್ಣ,” ಅಂದಿರಿ. ಆವತ್ತೂ ನಮ್ಮ ಹಳ್ಳಿಯವರ ಹಾಗೆ ‘ಬುಡಿ’ ಅಂದಿರಿ. ಆಮೇಲೆ ಆ ಲ್ಯಾಬೂ ಮುಚ್ಚಿತು. ಕಡ್ಡಿಪುಡಿ ನಾನು ಬಿಟ್ಟೆನೋ ಇಲ್ಲವೋ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಿಟ್ಟೆ ಅಂದರೆ ಅದಕ್ಕೆ ಬದಲಾಗಿ ನಿಮ್ಮಿಂದ ಏನೋ ಕೇಳಿದ ಹಾಗಾಗುತ್ತದೆ.

ಹೋದ ತಿಂಗಳು ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿರಿ. ನಿಮ್ಮ ಸುತ್ತ ನೀವು ಈಗ ಪಾಠ ಹೇಳುವ ಹೈಸ್ಕೂಲಿನ ಮಕ್ಕಳು, ಯಾವುದೋ ವಿಜ್ಞಾನ ಪ್ರದರ್ಶನ ಮುಗಿಸಿಕೊಂಡು ಬಂದವರು. ಕೂದಲು ನರೆತಿತ್ತು, ದನಿ ಅದೇ. ನನ್ನನ್ನು ಗುರುತು ಹಿಡಿದು ಮಕ್ಕಳನ್ನೆಲ್ಲ ಹತ್ತಿರ ಕರೆದಿರಿ.

“ನೋಡ್ರಪ್ಪಾ, ಇವ್ರೇ ಸಣ್ಣಪ್ಪಣ್ಣ. ಯಾವಾಗ್ಲೂ ಹೇಳ್ತೀನಲ್ಲ, ಲ್ಯಾಬಲ್ಲಿ ಕೈ ಅಂದ್ರೆ ಹಿಂಗಿರ್ಬೇಕು ಅಂತ. ನನ್ ಕೆಲ್ಸ ಕೆಡ್ತು, ಇವ್ರ ಕೆಲ್ಸ ಕೆಡ್ಲಿಲ್ಲ.”

ಒಬ್ಬ ಹುಡುಗ ನನ್ನ ಕೈಯನ್ನೇ ನೋಡಿದ. ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಆವತ್ತೂ ಸುಮ್ಮನಿದ್ದೆ — ಗೊತ್ತಿದ್ದೂ ಹೇಳಿದ ‘ಇಲ್ಲ’ಗಳಲ್ಲಿ ಅದು ಮೂರನೆಯದು. ಭೇರ್ಯದ ಬಸ್ಸು ಬಂತು, ನೀವು ಹತ್ತಿದಿರಿ, ಕಿಟಕಿಯಿಂದ ಕೈ ಬೀಸಿದಿರಿ.

ಕ್ಷಮಿಸಿ ಅಂತ ಕೇಳಲು ಈ ಕಾಗದ ಅಲ್ಲ. ಬರುವ ವಾರ ನಿಮ್ಮ ಸ್ಕೂಲಿಗೆ ಬರುತ್ತೇನೆ. ಆ ಮಕ್ಕಳ ಮುಂದೆಯೇ ಹೇಳುತ್ತೇನೆ, ಯಾಕೆಂದರೆ ನೀವು ನನ್ನನ್ನು ಹೊಗಳಿದ್ದು ಅವರ ಮುಂದೆ. ಕಣ್ಣಿಗೆ ಕಾಣದ ಒಂದು ದೇಶದೊಳಗಿಂದ ನಿಮ್ಮ ಮೇಡಂ ಒಬ್ಬನೇ ಒಬ್ಬ ಸತ್ಯವಂತನನ್ನು ಆರಿಸಿದ್ದರು ಅಂತ ಹೇಳುತ್ತೇನೆ. ಅವನು ತಪ್ಪು ಹೇಳಿದ್ದು ಒಂದು ಸಲವೂ ಇಲ್ಲ. ನನ್ನ ಎದುರಿಗೂ ನಿಜವನ್ನೇ ಹೇಳಿದ.

ನಡುವಿನ ಗುಳಿ ನೀಲಿಯಾಗಿತ್ತು, ಸವಿತಮ್ಮ. ಅದನ್ನು ತೊಳೆದವನು ನಾನು.